ಸ್ಯಾನ್ ಫ್ರಾನ್ಸಿಸ್ಕೊ – ಬೆಂಗಳೂರು: ವಿಮಾನದ ದೂರ ಮತ್ತು ಪ್ರಯಾಣದ ಸಮಯ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ದುಡಿಯುವ ಮಗನೋ ಮಗಳೋ ತುರ್ತಾಗಿ ಊರಿಗೆ ಹೊರಟಾಗ ಮನೆಯವರೂ ವಾರ್ಡಿನ ಗುರಿಕಾರರೂ ಕೇಳುವ ಮೊದಲ ಪ್ರಶ್ನೆ, "ಯಾವಾಗ ತಲುಪುತ್ತಾರೆ?" ಅಂತ್ಯಕ್ರಿಯೆಯ ಸಮಯವನ್ನು ಈ ಉತ್ತರ ನೋಡಿಯೇ ನಿಗದಿ ಮಾಡಬೇಕಾಗುತ್ತದೆ. ಲೆಕ್ಕ ಒಂದು ದಿನ ತಪ್ಪಿದರೆ ಹೆತ್ತವರ ಅಂತಿಮ ದರ್ಶನವೇ ತಪ್ಪಬಹುದು. ಆದುದರಿಂದ ಈ ಲೆಕ್ಕವನ್ನು ಇಲ್ಲಿ ಸರಳವಾಗಿ ವಿವರಿಸುತ್ತಿದ್ದೇವೆ.

ದೂರ: ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಬೆಂಗಳೂರು ವಿಮಾನ ನಿಲ್ದಾಣಗಳ ನಡುವಿನ ಅತಿ ಹತ್ತಿರದ ವಾಯುಮಾರ್ಗ ಸುಮಾರು 14,000 ಕಿ.ಮೀ. ಭೂಮಿ ಗುಂಡಗಿರುವುದರಿಂದ ಈ ಹತ್ತಿರದ ದಾರಿ ಉತ್ತರ ಧ್ರುವದ ಸಮೀಪ ಹಾದುಹೋಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ನಾಲ್ವರು ಮಹಿಳಾ ಪೈಲಟ್‌ಗಳು ಧ್ರುವ ಪ್ರದೇಶದ ಮೇಲಿಂದ ಇಲ್ಲಿಗೆ ಮೊದಲ ನೇರ ವಿಮಾನವನ್ನು ತಂದರು. ಜನವರಿ 9ರ ರಾತ್ರಿ ಹೊರಟ ಆ ವಿಮಾನ ಬೆಂಗಳೂರಿನಲ್ಲಿ ಇಳಿದದ್ದು 11ರ ಮುಂಜಾನೆ.

ಹಾರಾಟದ ಸಮಯ: ಗಂಟೆಗೆ 900 ಕಿ.ಮೀ. ವೇಗದಲ್ಲಿ ಹದಿನೈದೂವರೆ ಗಂಟೆ ಸಾಕು ಎನಿಸುತ್ತದೆ. ಆದರೆ ಏರುವಾಗ, ಇಳಿಯುವಾಗ ವೇಗ ಕಡಿಮೆ. ಎದುರುಗಾಳಿಯಿದ್ದರೆ ಇನ್ನೂ ನಿಧಾನ. ಹೀಗಾಗಿ ಸುಮಾರು 17 ಗಂಟೆ ಹಿಡಿಯಬೇಕು.

ಗಡಿಯಾರದ ವ್ಯತ್ಯಾಸ: ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಕ್ಯಾಲಿಫೋರ್ನಿಯಾಕ್ಕಿಂತ ನಮ್ಮ ಗಡಿಯಾರ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಮಾರ್ಚ್‌ನಿಂದ ನವೆಂಬರ್ ಆರಂಭದವರೆಗೆ ಹನ್ನೆರಡೂವರೆ ಗಂಟೆ ಮುಂದಿರುತ್ತದೆ. ಹೊರಡುವ ಸಮಯವನ್ನು ಮೊದಲು ಭಾರತದ ಸಮಯಕ್ಕೆ ಬದಲಿಸಿ, ಬಳಿಕ ಹಾರಾಟದ ಗಂಟೆಗಳನ್ನು ಕೂಡಿಸಬೇಕು.

ಉದಾಹರಣೆಗೆ, ಡಿಸೆಂಬರ್‌ನಲ್ಲಿ ಸೋಮವಾರ ರಾತ್ರಿ 9 ಗಂಟೆಗೆ ಅಲ್ಲಿಂದ ಹೊರಟರೆ ಇಲ್ಲಿ ಮಂಗಳವಾರ ಬೆಳಿಗ್ಗೆ 10.30. ಅದಕ್ಕೆ 17 ಗಂಟೆ ಕೂಡಿಸಿದರೆ ಬುಧವಾರ ಮುಂಜಾನೆ 3.30. ಇಮಿಗ್ರೇಶನ್, ಲಗೇಜ್ ಮುಗಿಸಿ, ಒಂದು ಗಂಟೆಯ ವಿಮಾನದಲ್ಲಿ ಮಂಗಳೂರು ತಲುಪಿ ಮನೆ ಸೇರುವಾಗ ಬುಧವಾರ ಮಧ್ಯಾಹ್ನವಾದೀತು.

ದುಬೈ ಮೂಲಕ: ನೇರ ವಿಮಾನ ಸಿಗದಿದ್ದರೆ ಇದೂ ಒಂದು ದಾರಿ. ದುಬೈವರೆಗೆ ಸುಮಾರು 13,000 ಕಿ.ಮೀ., 16 ಗಂಟೆ. ಅಲ್ಲಿಂದ ಮಂಗಳೂರಿಗೆ ಸುಮಾರು 2,500 ಕಿ.ಮೀ., ಮೂರೂವರೆ ಗಂಟೆ. ನಡುವೆ ಕಾಯುವ ಅವಧಿ ಬೇರೆ. ಎರಡು ಪ್ರತ್ಯೇಕ ಟಿಕೆಟ್‌ಗಳಾದರೆ, ಮೊದಲ ವಿಮಾನ ತಡವಾದಾಗ ಎರಡನೆಯದು ಕೈತಪ್ಪುವ ಅಪಾಯವಿದೆ. ಸಾಧ್ಯವಾದಷ್ಟು ಒಂದೇ ಟಿಕೆಟ್ ಮಾಡಿಸುವುದು ಒಳಿತು.

ಗುರಿಕಾರರಲ್ಲಿ ನಮ್ಮ ವಿನಂತಿ: "ನಾಳೆ ಹೊರಡುತ್ತಾರೆ" ಎಂಬ ಮಾತಿನ ಮೇಲೆ ಸಮಯ ಗೊತ್ತುಮಾಡಬೇಡಿ. ಟಿಕೆಟ್‌ನ ಪ್ರತಿ ತರಿಸಿಕೊಳ್ಳಿ. ಅದರಲ್ಲಿ ಇಳಿಯುವ ಸಮಯ ಆಯಾ ಊರಿನ ಗಡಿಯಾರದಂತೆಯೇ ಇರುತ್ತದೆ. ದಿನಾಂಕವನ್ನು ಎರಡು ಬಾರಿ ನೋಡಿ. ವಿಮಾನ ಇಳಿದ ಬಳಿಕ ಅರ್ಧ ದಿನವಾದರೂ ಬಿಟ್ಟು ಸಮಯ ನಿಗದಿ ಮಾಡಿದರೆ, ಅಷ್ಟು ದೂರದಿಂದ ಬಂದವರಿಗೆ ಕಡೆಯ ಬಾರಿ ಮುಖ ನೋಡುವ ಅವಕಾಶ ಉಳಿಯುತ್ತದೆ.