ಕರ್ನಾಟಕದ ಬೇಟೆಯ ಇತಿಹಾಸದಲ್ಲಿ ಕಾರ್ಖಾನೆಯ ರೈಫಲು

ಬೀದರ, ಬಿಜಾಪುರಗಳ ಕೋಟೆಯ ಬುರುಜುಗಳ ಮೇಲಿರುವ ತೋಪುಗಳು ವಿದ್ವಾಂಸರ ಗಮನವನ್ನು ಸೆಳೆದಷ್ಟು ಬೇಟೆಯ ಕೋವಿಯು ಸೆಳೆದಿಲ್ಲ. ಅದನ್ನು ವಿನೋದದ ಉಪಕರಣವೆಂದು ಬದಿಗಿರಿಸುವುದು ವಾಡಿಕೆ. ಆದರೆ ಬೇಟೆಗಾರನು ಇಂಥದೇ ಕೋವಿಯನ್ನು ಏಕೆ ಕೊಂಡನೆಂದು ವಿಚಾರಿಸಹೊರಟರೆ ಕಾರ್ಖಾನೆಯ ಯಂತ್ರ, ಸರಕಾರದ ಕಾನೂನು, ಕಾಡಂಚಿನ ಹಳ್ಳಿಗನ ಪ್ರಾಣ ಈ ಮೂರೂ ಆ ಒಂದು ಆಯ್ಕೆಯಲ್ಲಿ ಕೂಡಿಕೊಂಡಿರುವುದು ಕಂಡುಬರುತ್ತದೆ.

1864ರಲ್ಲಿ ಭಾರತಕ್ಕೆ ಬಂದು ಮೈಸೂರು ಸಂಸ್ಥಾನದಲ್ಲಿ ಆನೆಗಳ ಖೆಡ್ಡಾವನ್ನು ನಡೆಸಿದ ಜಿ. ಪಿ. ಸ್ಯಾಂಡರ್ಸನ್ ತನ್ನ ಅನುಭವಗಳನ್ನು 1878ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಆತನು ಆನೆಯ ಬೇಟೆಗೆ ನೆಚ್ಚಿದುದು ನಾಲ್ಕನೆಯ ನಂಬರಿನ ಭಾರಿ ಕೋವಿಗಳನ್ನು. ಒಂದು ಪೌಂಡು ಸೀಸದಿಂದ ನಾಲ್ಕೇ ಗುಂಡುಗಳಾಗುವಷ್ಟು ಅಗಲವಾದ ನಳಿಗೆಯೆಂಬುದು ಈ ನಂಬರಿನ ಅರ್ಥ. ಕರಿಮದ್ದಿನ ಆ ಕಾಲದಲ್ಲಿ ಗುಂಡಿನ ವೇಗವನ್ನು ಹೆಚ್ಚಿಸಲು ಮಿತಿಯಿದ್ದುದರಿಂದ ತೂಕವನ್ನು ಹೆಚ್ಚಿಸುವುದೇ ಉಪಾಯವಾಗಿತ್ತು. ಮೃಗದ ಸಮೀಪಕ್ಕೆ ಹೋಗುವುದು ಅನಿವಾರ್ಯವಾಗಿತ್ತು. ಗುರಿಯ ಸೂಕ್ಷ್ಮತೆಗಿಂತ ಹೊಡೆತದ ಭಾರವೇ ಅಂದು ಮುಖ್ಯವೆನಿಸಿತ್ತು.

1889ರಲ್ಲಿ ಬ್ರಿಟನ್ನಿನಲ್ಲಿ ಕಾರ್ಡೈಟೆಂಬ ಹೊಗೆ ಕಡಮೆಯಾದ ಮದ್ದನ್ನು ರೂಪಿಸಲಾಯಿತು. 1898ರಲ್ಲಿ ಲಂಡನ್ನಿನ ರಿಗ್ಬಿ ಸಂಸ್ಥೆಯು ಆ ಮದ್ದಿಗೆ ಹೊಂದುವ .450 ಅಂಗುಲದ ಬೇಟೆಯ ತೋಟಾವನ್ನು ಹೊರತಂದಿತು. ಈ ಬಗೆಯ ಜೋಡುನಳಿಗೆ ರೈಫಲುಗಳಲ್ಲಿ ಎರಡು ನಳಿಗೆಗಳ ಗುಂಡುಗಳೂ ಗೊತ್ತಾದ ದೂರದಲ್ಲಿ ಒಂದೇ ಎಡೆಗೆ ಬೀಳುವಂತೆ ಕುಶಲಕರ್ಮಿಯು ಮತ್ತೆ ಮತ್ತೆ ಹೊಡೆದು ನೋಡಿ, ನಳಿಗೆಗಳ ಬೆಸುಗೆಯನ್ನು ಸಡಲಿಸಿ ಸರಿಪಡಿಸಬೇಕಾಗಿತ್ತು. ಅದರ ನಿಖರತೆಯೂ ದುಬಾರಿ ಬೆಲೆಯೂ ಆ ಕೈಗೆಲಸದಿಂದಲೇ ಬಂದವು. ತೋಟಾದ ಬಗೆ ಬದಲಾದರೆ ಹೊಂದಾಣಿಕೆಯೂ ಕೆಡುತ್ತಿತ್ತು. ಒಂಟಿನಳಿಗೆಯ ರೈಫಲಿಗೆ ಈ ತೊಡಕಿಲ್ಲ. ಯಂತ್ರದಿಂದ ಒಂದೇ ಅಳತೆಯಲ್ಲಿ ಕೊರೆದ ನಳಿಗೆ, ಅದೇ ಅಳತೆಗೆ ತಯಾರಾದ ತೋಟಾ ಇವೆರಡೂ ಒದಗಿದರೆ ಸಾಮಾನ್ಯ ಬೆಲೆಯ ಕೋವಿಯೂ ನಿಖರವಾಗಬಲ್ಲದು. ಅರಸರ ಆಯುಧಕ್ಕೆ ಮೀಸಲಾಗಿದ್ದ ಗುಣವು ಹೀಗೆ ಮಧ್ಯಮವರ್ಗದವನ ಕೈಗೂ ಎಟುಕಿತು.

ಇದಕ್ಕೆ ಬೆಂಗಳೂರಿನ ಕೆನೆತ್ ಆಂಡರ್ಸನ್ನನ (1910–1974) ಕೋವಿಯೇ ನಿದರ್ಶನ. ವಿಮಾನ ಕಾರ್ಖಾನೆಯಲ್ಲಿ ಉದ್ಯೋಗದಲ್ಲಿದ್ದ ಈತನು ನರಭಕ್ಷಕಗಳ ಬೆನ್ನು ಹತ್ತಿದುದು ಅಮೆರಿಕದ ವಿಂಚೆಸ್ಟರ್ ಕಾರ್ಖಾನೆಯ 1895ನೆಯ ಮಾದರಿಯ ರೈಫಲಿನಿಂದ. ಅದರ .405 ತೋಟಾ 1904ರಲ್ಲಿ ಬಳಕೆಗೆ ಬಂದುದು. ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೊಡೋರ್ ರೂಸ್‌ವೆಲ್ಟನು 1909ರಲ್ಲಿ ಆಫ್ರಿಕಕ್ಕೆ ಕೊಂಡೊಯ್ದುದೂ ಇದೇ ಮಾದರಿಯನ್ನೇ.

ಆಯ್ಕೆಯು ಬೇಟೆಗಾರನ ಇಚ್ಛೆಯೊಂದಕ್ಕೇ ಬಿಟ್ಟುದಾಗಿರಲಿಲ್ಲ. 1878ರ ಶಸ್ತ್ರ ಕಾನೂನು ಬ್ರಿಟಿಷ್ ಭಾರತದಲ್ಲಿ ಪರವಾನಗಿಯನ್ನು ಕಡ್ಡಾಯಮಾಡಿತು. ಅದರ ನಿಯಮಗಳು ಯುರೋಪಿಯನರಿಗೆ ತೋರಿದ ರಿಯಾಯಿತಿಯು ಸಾಮಾನ್ಯ ಭಾರತೀಯನಿಗಿರಲಿಲ್ಲ. ಕೊಡಗಿನಲ್ಲಿ ಮಾತ್ರ 1861ರಲ್ಲಿ ಮಾರ್ಕ್ ಕಬ್ಬನ್ನನು ನೀಡಿದ ವಿನಾಯಿತಿಯಿಂದಾಗಿ ಕೋವಿಯು ಮನೆಮನೆಯ ವಸ್ತುವಾಗಿ ಉಳಿಯಿತು. ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವು ಗುರಿಯನ್ನು ಪರೀಕ್ಷಿಸುವ ಸಾರ್ವಜನಿಕ ಕ್ರಮವೇ ಸರಿ. 1907ರಲ್ಲಿ ಸರಕಾರವು .450 ಅಳತೆಯ ಬೇಟೆಯ ಕೋವಿಗಳ ಆಮದನ್ನು ನಿಷೇಧಿಸಿತು. ಅದೇ ಅಳತೆಯ ಹಳೆಯ ಮಾರ್ಟಿನಿ-ಹೆನ್ರಿ ಕೋವಿಗಳಿಗೆ ಗುಂಡು ದೊರೆತೀತೆಂಬುದು ಅದರ ಭಯ. ಲಂಡನ್ನಿನ ತಯಾರಕರು .465, .470 ಮುಂತಾದ ಹೊಸ ಅಳತೆಗಳಿಗೆ ತಿರುಗಿದರು. ಸೇನೆಯ .303 ತೋಟಾ ಜನಸಾಮಾನ್ಯರಿಗೆ ನಿಷಿದ್ಧವಾದುದರಿಂದಲೇ ಬಂಗಾಳದ ಇಶಾಪುರದ ಕಾರ್ಖಾನೆಯು ಲೀ-ಎನ್‌ಫೀಲ್ಡ್ ಮಾದರಿಯ ಬೇಟೆಯ ರೈಫಲನ್ನು .315 ಅಳತೆಯಲ್ಲಿ ತಯಾರಿಸಿತು. ಆಡಳಿತದ ಆತಂಕವು ನಳಿಗೆಯ ಅಳತೆಯನ್ನೇ ನಿರ್ಣಯಿಸಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ.

ಭೂಲಕ್ಷಣವೂ ಇಲ್ಲಿ ಗಣನೀಯ. ಭಾಲ್ಕಿ, ಖಟಕ ಚಿಂಚೋಳಿಗಳನ್ನೊಳಗೊಂಡ ಬೀದರ ಸೀಮೆಯ ಬಯಲಿನಲ್ಲಿ ಕೃಷ್ಣಮೃಗವು ಮನುಷ್ಯನನ್ನು ದೂರದಿಂದಲೇ ಕಾಣುತ್ತದೆ. ಅಂಥಲ್ಲಿ ಗುಂಡು ಬಹುದೂರ ಬಾಗದೆ ನೇರವಾಗಿ ಸಾಗುವ ಕಿರುನಳಿಗೆಯ ರೈಫಲು ಯುಕ್ತ. ಮಲೆನಾಡಿನ ಪೊದೆಗಳಲ್ಲಿ ಗುರಿಯು ಕೆಲವೇ ಮಾರು ದೂರದ್ದು. ಅಲ್ಲಿ ಭಾರವಾದ ಗುಂಡೂ ಹೆಗಲಿಗೆ ಏರಿಸಿದೊಡನೆ ಗುರಿಗೆ ಕೂಡುವ ಹಿಡಿಯೂ ಬೇಕು. ಮೇಲಾಗಿ ಮಳೆಗಾಲದ ತೇವಕ್ಕೆ ಮರದ ಹಿಡಿ ಉಬ್ಬಿ ನಳಿಗೆಯನ್ನು ಒತ್ತಿದರೆ ಗುರಿ ಕದಲುತ್ತದೆ. ಹಿಂದಿನ ತೋಟಾಗಳ ಕೇಪಿನ ಲವಣಾಂಶವನ್ನು ಬಿಸಿನೀರಿನಿಂದ ತೊಳೆಯದಿದ್ದರೆ ನಳಿಗೆಗೆ ತುಕ್ಕು ಹಿಡಿಯುತ್ತಿತ್ತು. ಕಾರ್ಖಾನೆಯು ಕೊಟ್ಟ ನಿಖರತೆಯನ್ನು ಉಳಿಸಿಕೊಳ್ಳುವ ಹೊಣೆ ಒಡೆಯನದೇ ಆಗಿತ್ತು.

ಈ ಹೊಣೆ ತಪ್ಪಿದಾಗ ಅದರ ಫಲವನ್ನು ಉಂಡವರು ಬೇರೆಯವರು. 1907ರಲ್ಲಿ ಕುಮಾವೂನಿನ ಚಂಪಾವತದಲ್ಲಿ ಜಿಮ್ ಕಾರ್ಬೆಟ್ಟನು ಕೊಂದ ಹೆಣ್ಣುಹುಲಿಯ ಬಲಗಡೆಯ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದಿದ್ದುವು. ಸಹಜವಾದ ಬೇಟೆಗೆ ಅಸಮರ್ಥವಾದ ಆ ಹುಲಿಯು 436 ಜನರನ್ನು ಕೊಂದಿತೆಂದು ಆತನು ಬರೆದಿದ್ದಾನೆ. ಗಾಯಗೊಂಡು ತಪ್ಪಿಸಿಕೊಂಡ ಮೃಗಗಳು ನರಭಕ್ಷಕಗಳಾದ ಸಂಗತಿಯನ್ನು ಆಂಡರ್ಸನ್ನನೂ ದಕ್ಷಿಣದ ಕಾಡುಗಳ ವಿಷಯದಲ್ಲಿ ಹೇಳಿದ್ದಾನೆ. ಗುರಿ ತಪ್ಪಿದ ಗುಂಡಿನ ಬೆಲೆಯನ್ನು ಕೊನೆಗೆ ತೆತ್ತವರು ಸೌದೆಗೂ ಹುಲ್ಲಿಗೂ ಕಾಡಿಗೆ ಹೋದ ಬಡಜನರು.

1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ತರುವಾಯ ಈ ಆಯ್ಕೆಯ ಪ್ರಶ್ನೆಯು ಚರಿತ್ರೆಗೆ ಸೇರಿತು. ಆದುದರಿಂದಲೇ ಕೋವಿಯನ್ನು ಮೋಹವೂ ತಿರಸ್ಕಾರವೂ ಇಲ್ಲದೆ ಪರಿಶೀಲಿಸುವುದು ಇಂದು ಸಾಧ್ಯ. ಬೇಟೆಯ ಗ್ರಂಥಗಳನ್ನು ಸಾಹಸದ ಕಥೆಗಳೆಂದಷ್ಟೇ ಓದದೆ, ಪರವಾನಗಿಯ ನಿಯಮಗಳೊಡನೆಯೂ ಆಮದಿನ ನಿರ್ಬಂಧಗಳೊಡನೆಯೂ ಹೋಲಿಸಿ ಓದುವ ವಿದ್ಯಾರ್ಥಿಗೆ ರಾಜ್ಯಾಧಿಕಾರಕ್ಕೂ ಕಾಡಿಗೂ ಇದ್ದ ಸಂಬಂಧದ ಒಂದು ಮುಖ್ಯ ಅಧ್ಯಾಯವು ಅಲ್ಲಿ ದೊರೆಯುವುದರಲ್ಲಿ ಸಂದೇಹವಿಲ್ಲ.