ಕೀಟಾಹಾರ: ಮಲೆನಾಡು ಮತ್ತು ತುಳುನಾಡು

ಕೀಟಗಳನ್ನು, ಅವುಗಳ ಮೊಟ್ಟೆ, ಮರಿ, ಕೋಶಗಳನ್ನು ಮನುಷ್ಯರು ತಿನ್ನುವ ರೂಢಿಗೆ ಕೀಟಾಹಾರ ಎಂದು ಹೆಸರು. ಕರ್ನಾಟಕದಲ್ಲಿ ಇದು ಹೊಸದಲ್ಲ. ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕಾಡಂಚಿನ ಮನೆಗಳಲ್ಲಿ ಚಗಳಿ ಇರುವೆಯ ಚಟ್ನಿ ಬಹುಕಾಲದಿಂದ ಬಳಕೆಯಲ್ಲಿದೆ. ಬಯಲುಸೀಮೆಯ ಹಲವೆಡೆ ಮೊದಲ ಮಳೆಗೆ ಹುತ್ತದಿಂದ ಏಳುವ ಈಸಲು ಹುಳುಗಳನ್ನು ದೀಪದ ಬೆಳಕಿಗೆ ಸೆಳೆದು ಹಿಡಿದು, ಹುರಿದು, ರೆಕ್ಕೆಗಳನ್ನು ಕೇರಿ ತೆಗೆದು ತಿನ್ನುತ್ತಿದ್ದರು. ಘಟ್ಟದ ಕೆಳಗಿನ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಅದೇ ಚಗಳಿ ಗೇರು, ಮಾವು, ಕೊಕ್ಕೋ ಮರಗಳಲ್ಲಿ ಧಾರಾಳವಾಗಿದ್ದರೂ ಅಡುಗೆಮನೆಯ ಸಾಮಾನ್ಯ ಪದಾರ್ಥವಾಗಲಿಲ್ಲ.

ಚಗಳಿ ಎಲೆ ಹೊಲಿಯುವ ಕೆಂಪಿರುವೆ. ಇವು ಒಂದರ ಸೊಂಟವನ್ನು ಇನ್ನೊಂದು ಕಚ್ಚಿ ಸರಪಳಿಯಾಗಿ ನಿಂತು ಎರಡು ಎಲೆಗಳ ಅಂಚನ್ನು ಹತ್ತಿರಕ್ಕೆ ಎಳೆಯುತ್ತವೆ. ಬೇರೆ ಇರುವೆಗಳು ಮರಿಹುಳುಗಳನ್ನು ಬಾಯಲ್ಲಿ ಹಿಡಿದು ಅಂಚಿನಿಂದ ಅಂಚಿಗೆ ಓಡಾಡಿಸುತ್ತವೆ. ಮರಿಗಳು ಬಿಡುವ ರೇಷ್ಮೆಯ ಎಳೆಯೇ ಆ ಹೊಲಿಗೆಯ ನೂಲು. ಒಂದೇ ವಸಾಹತಿಗೆ ಹಲವು ಮರಗಳಲ್ಲಿ ಹತ್ತಾರು ಗೂಡುಗಳಿರುತ್ತವೆ. ರಾಣಿ ಇರುವುದು ಅವುಗಳಲ್ಲೊಂದರಲ್ಲಿ. ಆದ್ದರಿಂದ ಒಂದೆರಡು ಗೂಡು ಕೊಯ್ದರೆ ಸಂತತಿ ನಾಶವಾಗುವುದಿಲ್ಲ.

ಬೇಸಗೆಯಲ್ಲಿ, ಗೂಡಿನ ತುಂಬ ಬಿಳಿಯ ಮರಿಗಳಿರುವಾಗ ಕೊಯ್ಲು. ಗೂಡಿರುವ ರೆಂಬೆಯನ್ನು ಕತ್ತರಿಸಿ ಪಾತ್ರೆಗೆ ಕೊಡವಿ ಉಪ್ಪು ಬೀರುತ್ತಾರೆ. ಕಚ್ಚಿಸಿಕೊಳ್ಳದೆ ಈ ಕೆಲಸ ಮುಗಿಯುವುದು ಅಪರೂಪ. ಬಿಸಿ ಬಾಣಲೆಯಲ್ಲಿ ಹುರಿದ ಇರುವೆಯನ್ನು ತೆಂಗಿನತುರಿ, ಮೆಣಸು, ಬೆಳ್ಳುಳ್ಳಿ, ಉಪ್ಪು ಸೇರಿಸಿ ಅರೆದರೆ ಚಟ್ನಿ ಸಿದ್ಧ. ಹುಣಸೆಹುಳಿ ಬೇಕಾಗುವುದಿಲ್ಲ, ಇರುವೆಯ ಮೈಯಲ್ಲಿರುವ ಫಾರ್ಮಿಕ್ ಆಮ್ಲವೇ ಹುಳಿ. ಈ ಆಮ್ಲವನ್ನು ಮೊದಲು ಪ್ರತ್ಯೇಕಿಸಿದ್ದೂ ಇರುವೆಗಳನ್ನು ಭಟ್ಟಿ ಇಳಿಸಿಯೇ. ಇಂಗ್ಲೆಂಡಿನ ಜಾನ್ ರೇ 1671ರಲ್ಲಿ ಅದನ್ನು ವರದಿ ಮಾಡಿದ. ಶೀತ, ಕೆಮ್ಮಿಗೆ ಚಗಳಿ ಮದ್ದು ಎಂಬ ನಂಬಿಕೆ ಮಲೆನಾಡಿನಲ್ಲಿ ಗಟ್ಟಿಯಾಗಿದೆ. ಚಟ್ನಿ ತಿನ್ನದವರೂ ಮೂಗು ಕಟ್ಟಿದಾಗ ಇರುವೆಯನ್ನು ಅಂಗೈಯಲ್ಲಿ ಉಜ್ಜಿ ಮೂಸುವುದುಂಟು.

ಕೀಟಾಹಾರಕ್ಕೆ ಕರಾವಳಿಯ ಪ್ರತಿಕ್ರಿಯೆಯನ್ನು ಬರೀ ಹೇಸಿಗೆ ಎಂದು ವಿವರಿಸಿದರೆ ಸಾಲದು. ಬ್ರಾಹ್ಮಣ, ಜೈನ ಮನೆಗಳಲ್ಲಿ ಮಾಂಸವೇ ನಿಷಿದ್ಧ. ಅಲ್ಲಿ ಪ್ರಶ್ನೆ ಏಳುವುದಿಲ್ಲ. ಇಸ್ಲಾಮಿನಲ್ಲಿ ಮಿಡತೆ ಧರ್ಮಸಮ್ಮತ ಆಹಾರವಾದರೂ ಇಲ್ಲಿ ಅದನ್ನು ತಿನ್ನುವ ವಾಡಿಕೆ ಬೆಳೆಯಲಿಲ್ಲ. ಗೆದ್ದಲಿನ ಹುತ್ತ ತುಳುನಾಡಿನಲ್ಲಿ ನಾಗನ ನೆಲೆ, ಕುಕ್ಕೆ ಸುಬ್ರಹ್ಮಣ್ಯದಲ್ಲಿ ಹುತ್ತದ ಮಣ್ಣೇ ಪ್ರಸಾದ. ಇಲ್ಲಿಯವರು ಆಸೆಪಟ್ಟು ಹುಡುಕುವುದು ಮಳೆ ಹಿಡಿದ ಮೇಲೆ ಹುತ್ತದ ಬಳಿ ಏಳುವ ಅಣಬೆಯನ್ನು. ಮೀನು ತಿನ್ನುವ ಮನೆಗಳಲ್ಲಿ ಗಂಜಿಗೆ ಒಣ ಎಟ್ಟಿ ಚಟ್ನಿ ಇದ್ದರೆ ಬೇರೇನೂ ಬೇಡ. ಒಣ ಸಿಗಡಿಯನ್ನು ಹುರಿದು, ಕಾಯಿ, ಮೆಣಸು ಹಾಕಿ ಅರೆಯುವ ಆ ವಿಧಾನಕ್ಕೂ ಚಗಳಿ ಚಟ್ನಿಗೂ ಹೆಚ್ಚು ಅಂತರವಿಲ್ಲ. ಸಿಗಡಿ, ಏಡಿ, ಇರುವೆ ಮೂರೂ ಸಂಧಿಪದಿಗಳು, ಮೂರಕ್ಕೂ ಕೈಟಿನ್ನಿನ ಹೊರಕವಚ. ಒಂದು ತಟ್ಟೆಗೆ ಬಂದು ಇನ್ನೊಂದು ಬಾರದಿರಲು ಕಾರಣ ನಾಲಗೆಯಲ್ಲಿಲ್ಲ, ಬೆಳೆದ ಮನೆಯ ಅಭ್ಯಾಸದಲ್ಲಿದೆ. ಈ ಅಭ್ಯಾಸಕ್ಕೆ ಸ್ಥಾನಮಾನದ ಲೆಕ್ಕವೂ ಸೇರಿಕೊಂಡಿದೆ. ಇರುವೆ ತಿನ್ನುವುದನ್ನು ಕಾಡಿನವರ, ಬಡವರ ಊಟವೆಂದು ಕೀಳಾಗಿ ಕಂಡದ್ದರಿಂದ ತಿನ್ನುವವರೇ ಅದನ್ನು ಹೊರಗೆ ಹೇಳಿಕೊಳ್ಳಲು ಹಿಂಜರಿದರು. ಇದು ಅನ್ಯಾಯ.

ಕಡಬ ತಾಲ್ಲೂಕಿನ ರಾಮಕುಂಜದ ಸುತ್ತಿನಲ್ಲಿ ಚಗಳಿಯ ಚರಿತ್ರೆ ಊಟಕ್ಕಿಂತ ಹೆಚ್ಚಾಗಿ ಬೇಸಾಯಕ್ಕೆ ಸೇರಿದ್ದು. ಗೇರಿನ ಚಿಗುರು, ಹೂಗಳ ರಸ ಹೀರುವ ಟೀ ಸೊಳ್ಳೆಯನ್ನು ಈ ಇರುವೆ ಬೇಟೆಯಾಡುತ್ತದೆ. ಇರುವೆಗೂಡುಗಳನ್ನು ಕಿತ್ತಳೆ ತೋಟಕ್ಕೆ ಕೊಂಡುತಂದು ಕಟ್ಟುವ ಪದ್ಧತಿ ಚೀನಾದಲ್ಲಿ ಕ್ರಿ.ಶ. 304ರ ಕೃತಿಯೊಂದರಲ್ಲೇ ದಾಖಲಾಗಿದೆ. ಆದರೆ ದಕ್ಷಿಣ ಕನ್ನಡದ ಗೇರು ನೆಡುತೋಪುಗಳಲ್ಲಿ ಅದೇ ಟೀ ಸೊಳ್ಳೆಯ ನಿವಾರಣೆಗೆ 1980ರ ದಶಕದಿಂದ 2000ದ ಸುಮಾರಿನವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಲಾಯಿತು. ಕೊಕ್ಕಡ, ಪಟ್ರಮೆ, ನಿಡ್ಲೆಗಳ ಜೊತೆಗೆ ರಾಮಕುಂಜಕ್ಕೆ ಹತ್ತಿರದ ಆಲಂಕಾರೂ ಅದರ ಕಷ್ಟ ಉಂಡಿತು. ಕೊಯಿಲದಲ್ಲಿ ಸಂತ್ರಸ್ತರ ಪಾಲನಾ ಕೇಂದ್ರವಿದೆ. ಕರ್ನಾಟಕ ಸರ್ಕಾರ 2011ರ ಫೆಬ್ರುವರಿಯಲ್ಲಿ ಈ ವಿಷವನ್ನು ನಿಷೇಧಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ನೀಡಿತು. ಮರದ ಮೇಲೆ ಕಾವಲಿದ್ದ ಜೀವವನ್ನು ಕಡೆಗಣಿಸಿ ಆಕಾಶದಿಂದ ವಿಷ ಸುರಿದದ್ದರ ಬೆಲೆಯನ್ನು ಇಲ್ಲಿಯ ಮಕ್ಕಳು ತೆರುತ್ತಿದ್ದಾರೆ.

ಜಗತ್ತಿನ ಗಮನ ಕೀಟಾಹಾರದ ಕಡೆ ತಿರುಗಿದ್ದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಪ್ರಕಟಿಸಿದ ವರದಿಯಿಂದ. ಸುಮಾರು 200 ಕೋಟಿ ಜನರ ಆಹಾರದಲ್ಲಿ ಕೀಟಗಳಿವೆ, 1,900ಕ್ಕೂ ಹೆಚ್ಚು ಜಾತಿಯ ಕೀಟಗಳು ಬಳಕೆಯಲ್ಲಿವೆ ಎಂದು ಅದು ಲೆಕ್ಕಹಾಕಿತ್ತು. ಐರೋಪ್ಯ ಒಕ್ಕೂಟ 2021ರಲ್ಲಿ ಹಳದಿ ಹಿಟ್ಟುಹುಳುವನ್ನು ಆಹಾರವಾಗಿ ಒಪ್ಪಿತು. 2024ರಲ್ಲಿ ಸಿಂಗಪುರ 16 ಬಗೆಯ ಕೀಟಗಳಿಗೆ ಅನುಮತಿ ಕೊಟ್ಟಿತು. ಆ ವರ್ಷದ ಜನವರಿಯಲ್ಲೇ ಒಡಿಶಾದ ಮಯೂರ್‌ಭಂಜಿನ ಸಿಮಿಲಿಪಾಲ್ ಕಾಯಿ ಚಟ್ನಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅದು ನಮ್ಮ ಚಗಳಿಯದೇ ಚಟ್ನಿ. ರೇಷ್ಮೆ ಬೆಳೆಯುವ ಕರ್ನಾಟಕದಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ಕೋಶದ ಹುಳುವಿನ ಒಣತೂಕದಲ್ಲಿ ಅರ್ಧದಷ್ಟು ಪ್ರೋಟೀನ್ ಇದೆ. ಅಸ್ಸಾಮಿನಲ್ಲಿ ಎರಿ ರೇಷ್ಮೆಯ ಕೋಶ ಇಷ್ಟದ ಊಟ. ಇಲ್ಲಿ ಕೋಶದ ಹುಳು ಕೋಳಿ, ಮೀನುಗಳ ಮೇವಿಗೆ ಹೋಗುತ್ತದೆ.

ಕೀಟ ತಿನ್ನುವವರಿಗೆ ಎಚ್ಚರಿಕೆಯೂ ಬೇಕು. ಸಿಗಡಿ ಒಗ್ಗದವರಿಗೆ ಇರುವೆಯಂಥ ಕೀಟಗಳಿಂದಲೂ ಮೈ ತುರಿಕೆ, ಉಬ್ಬಸ ಬರಬಹುದು. ಕೀಟನಾಶಕ ಸಿಂಪಡಿಸಿದ ತೋಟದ ಗೂಡುಗಳನ್ನು ತಿನ್ನಲು ಕೊಯ್ಯಬಾರದು.