ಚಿನ್ನದ ಸೀಮೆಯ ಮಣ್ಣು ಮತ್ತು ಮೈಗೆ ಹತ್ತುವ ವಿಷ

1915ರಲ್ಲಿ ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು ಬೆಳಕಿಗೆ ತಂದ ಬೀಡನ್ ಶಾಸನಗಳನ್ನು ಅರಸಿ ಬಂದವನಲ್ಲ. ನಿಜಾಮರ ಆಳ್ವಿಕೆಗೆ ಸೇರಿದ್ದ ಈ ಸೀಮೆಯಲ್ಲಿ ಚಿನ್ನದ ನಿಕ್ಷೇಪಗಳನ್ನು ಶೋಧಿಸುತ್ತಿದ್ದ ಗಣಿ ಇಂಜಿನಿಯರ್ ಆತ. ಅಶೋಕನ ಹೆಸರನ್ನೇ ಸ್ಪಷ್ಟವಾಗಿ ಹೇಳುವ ಆ ಶಾಸನದಿಂದಾಗಿ ಮಸ್ಕಿ ಚರಿತ್ರೆಯ ಪುಟಗಳಲ್ಲಿ ನೆಲೆನಿಂತಿತು. ಆತನನ್ನು ಇಲ್ಲಿಗೆ ಕರೆತಂದ ಅದಿರಿನ ಚರಿತ್ರೆ ಮಾತ್ರ ಬಹುಮಟ್ಟಿಗೆ ಚಿನ್ನದ ಚರಿತ್ರೆಯಾಗಿಯೇ ಉಳಿಯಿತು. ಚಿನ್ನವನ್ನು ತೆಗೆದ ಮೇಲೆ ಉಳಿದ ಮಣ್ಣಿನ ಚರಿತ್ರೆಯನ್ನು ಬರೆದವರು ವಿರಳ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ದೊರೆತ ಹಳೆಯ ಗಣಿಯ ಮರದ ತುಂಡುಗಳು ಸುಮಾರು 1900 ವರ್ಷಗಳಷ್ಟು ಹಿಂದಿನವೆಂದು ಇಂಗಾಲದ ಕಾಲನಿರ್ಣಯದಿಂದ ತಿಳಿದುಬಂದಿದೆ. ಪ್ರಾಚೀನರು ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ಒಡೆದು, ಸುಮಾರು 640 ಅಡಿ ಆಳದವರೆಗೂ ಇಳಿದಿದ್ದರು. ಅದಿರನ್ನು ಕಲ್ಲುಕುಳಿಗಳಲ್ಲಿ ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ಈ ಅದಿರಿನಲ್ಲಿ ಚಿನ್ನದ ಜೊತೆಗೆ ಕಬ್ಬಿಣ, ಗಂಧಕ ಮತ್ತು ಆರ್ಸೆನಿಕ್ ಕೂಡಿದ ಆರ್ಸೆನೊಪೈರೈಟ್ ಎಂಬ ಖನಿಜವೂ ಇದೆ. ಅದು ಬಂಡೆಯೊಳಗೆ ಗಟ್ಟಿಯಾಗಿ ಕುಳಿತಿರುವವರೆಗೆ ಅದರಿಂದ ದೊಡ್ಡ ಬಾಧೆಯಿಲ್ಲ. ಪುಡಿಯಾಗಿ ಗಾಳಿ ನೀರುಗಳಿಗೆ ತೆರೆದುಕೊಂಡಾಗ ಅದರ ರೂಪ ಬದಲಾಗುತ್ತದೆ, ಅದರೊಳಗಿನ ವಿಷ ಸಡಿಲಗೊಳ್ಳುತ್ತದೆ.

ಇದರ ಪರಿಣಾಮವೇನೆಂಬುದು ಕೃಷ್ಣೆಯ ಆಚೆ ದಡದಲ್ಲಿ ತಿಳಿಯಿತು. ಸುರಪುರ ಸೀಮೆಯ ಮಂಗಳೂರು ಗ್ರಾಮದ ಹಳೆಯ ಚಿನ್ನದ ಗಣಿಯ ಸಮೀಪದಲ್ಲಿ ಕಿರದಳ್ಳಿ ತಾಂಡಾ ಇದೆ. ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಈ ಗಣಿ ಪ್ರದೇಶದ ಬಗ್ಗೆ 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪರೀಕ್ಷಿಸಿದ 59 ಕೊಳವೆಬಾವಿಗಳ ಪೈಕಿ ಶೇ. 79ರಲ್ಲಿ ಆರ್ಸೆನಿಕ್ ಪ್ರಮಾಣ ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯನ್ನು ಮೀರಿತ್ತು, ಗರಿಷ್ಠ ಪ್ರಮಾಣ 303. ತಪಾಸಣೆಗೊಳಗಾದ 181 ಜನರಲ್ಲಿ ಶೇ. 58.6ರಷ್ಟು ಮಂದಿಯ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತುಗಳಿದ್ದವು. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗ್ರಾಮಿಗೆ 2000 ಮಿಲಿಗ್ರಾಮಿಗೂ ಹೆಚ್ಚು ಆರ್ಸೆನಿಕ್ ಇತ್ತು. ನೀರೇ ಮುಖ್ಯ ಮಾರ್ಗವೆಂದು ಅಧ್ಯಯನಕಾರರು ಊಹಿಸಿದರೂ ಮನೆಯಂಗಳದ ಮಣ್ಣು ಹೊಟ್ಟೆಗೆ ಸೇರುವುದೂ ಕಾರಣವಾಗಿರಬಹುದೆಂದು ಎಚ್ಚರಿಸಿದರು.

ಮಣ್ಣಿನಲ್ಲಿರುವ ವಿಷವೆಲ್ಲ ಮೈಗೆ ಹತ್ತುವುದಿಲ್ಲ. ನುಂಗಿದ ವಿಷದಲ್ಲಿ ಎಷ್ಟು ಭಾಗ ಕರುಳನ್ನು ದಾಟಿ ರಕ್ತಕ್ಕೆ ಸೇರುತ್ತದೆಯೋ ಅದನ್ನು ವಿಜ್ಞಾನಿಗಳು ಜೈವಿಕ ಲಭ್ಯತೆ ಎನ್ನುತ್ತಾರೆ. ನಾಟಿವೈದ್ಯಕ್ಕೆ ಈ ವಿಚಾರ ಸಂಪೂರ್ಣ ಹೊಸದೇನಲ್ಲ. ಹರಿತಾಳವೂ ಶಂಖಪಾಷಾಣವೂ ಆರ್ಸೆನಿಕ್ಕಿನ ರೂಪಗಳೇ. ಎರಡನ್ನೂ ಬೇರೆ ಬೇರೆ ಹೆಸರಿನಿಂದ ಕರೆದು, ಬೇರೆ ಬೇರೆಯಾಗಿ ಶುದ್ಧಿ ಮಾಡುವ ಕ್ರಮ ಪರಂಪರೆಯಲ್ಲಿದೆ. ಹರಿತಾಳ ನೀರಿನಲ್ಲಿ ಕರಗುವುದು ತೀರ ಕಡಿಮೆ, ಶಂಖಪಾಷಾಣ ಕರಗುತ್ತದೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2012ರಲ್ಲಿ, ಸ್ಥಳೀಯ ಪರೀಕ್ಷೆ ಇಲ್ಲದ ಕಡೆ, ಮಣ್ಣಿನ ಆರ್ಸೆನಿಕ್ಕಿನ ಲಭ್ಯತೆಯನ್ನು ನೀರಿನ ಆರ್ಸೆನಿಕ್ಕಿಗೆ ಹೋಲಿಸಿ ಶೇ. 60 ಎಂದು ಹಿಡಿಯಲು ಸೂಚಿಸಿತು. ಪರೀಕ್ಷೆಯೂ ಕಠಿಣವಲ್ಲ. ನುಣುಪಾಗಿ ಜರಡಿ ಹಿಡಿದ ಮಣ್ಣನ್ನು ಜಠರರಸದಷ್ಟು ಹುಳಿಯಾದ ದ್ರಾವಣದಲ್ಲಿ 37 ಡಿಗ್ರಿ ಉಷ್ಣತೆಯಲ್ಲಿ ಒಂದು ಗಂಟೆ ಕಲಕಿ, ಎಷ್ಟು ಕರಗಿತೆಂದು ಅಳೆಯುತ್ತಾರೆ.

ಕಿರದಳ್ಳಿಯ ಮಣ್ಣಿಗೆ ಈ ಲೆಕ್ಕವನ್ನು ಅನ್ವಯಿಸಿ ನೋಡಬಹುದು. ಒಂದು ಮಗು ದಿನಕ್ಕೆ 100 ಮಿಲಿಗ್ರಾಂ ಮಣ್ಣು ನುಂಗುತ್ತದೆ ಎಂದು ಭಾವಿಸಿದರೆ ಅದರೊಡನೆ 200 ಮೈಕ್ರೋಗ್ರಾಂ ಆರ್ಸೆನಿಕ್ ಒಳಸೇರುತ್ತದೆ. ಲಭ್ಯತೆ ಶೇ. 60 ಆದರೆ ಅದು 120 ಮೈಕ್ರೋಗ್ರಾಮಿಗೆ ಸಮ, ಅಂದರೆ ಮಿತಿಯಂಚಿನ 12 ಲೀಟರ್ ನೀರು ಕುಡಿದಂತೆ. ಲಭ್ಯತೆ ಶೇ. 5 ಆದರೆ ಒಂದೇ ಲೀಟರ್. ಒಂದೇ ಮಣ್ಣು ಈ ಒಂದು ಅಂಕಿಯ ಮೇಲೆ ಅಪಾಯವೋ ಅಲ್ಲವೋ ಎಂದು ತೀರ್ಮಾನವಾಗುತ್ತದೆ. ಆದ್ದರಿಂದ ಈ ಅಂಕಿಯನ್ನು ಅಳೆಯದೆ ರಿಯಾಯಿತಿ ಪಡೆಯುವುದೂ, ಅಳೆಯದೆ ಭೀತಿ ಹುಟ್ಟಿಸುವುದೂ ಸಮಾನ ದೋಷಗಳೇ.

ನುಂಗುವ ಮಣ್ಣಿನ ಪ್ರಮಾಣವನ್ನು ಪ್ರಯೋಗಾಲಯ ಹೇಳಲಾರದು, ಅದನ್ನು ಬದುಕಿನ ಕ್ರಮ ಹೇಳಬೇಕು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಂಡಿ, ಮಣ್ಣು ಕಲಸಿ ನೆಲ ಸಾರಿಸುವುದು, ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹಾಕುವುದು, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದಲ್ಲಿ ಗುಳ್ಳವ್ವನನ್ನು ಮಾಡುವುದು, ಬಸುರಿಯರ ಮಣ್ಣಿನ ಬಯಕೆ, ಇವೆಲ್ಲ ಜಾನಪದದ ಸಂಗ್ರಹಗಳಲ್ಲಿ ಆಚರಣೆಗಳಾಗಿ ದಾಖಲಾಗಿವೆ. ಮಣ್ಣನ್ನು ಎಲ್ಲಿಂದ ತರುತ್ತಾರೆ ಎಂಬ ಪ್ರಶ್ನೆಯನ್ನು ಸಂಗ್ರಾಹಕರು ಸಾಮಾನ್ಯವಾಗಿ ಕೇಳುವುದಿಲ್ಲ. ಕೆರೆಯ ಅಂಗಳದ್ದೇ, ಹೊಲದ ಎರೆಯೇ, ಗಣಿಯ ಬದಿಯ ನುಣ್ಣನೆಯ ತ್ಯಾಜ್ಯವೇ? ಪರದೇಶದಲ್ಲಿ ಸಿದ್ಧವಾದ 100 ಮಿಲಿಗ್ರಾಮಿನ ಅಂಕಿ ಮಣ್ಣಿನ ನೆಲದ ಮನೆಯ ಮಗುವಿಗೆ ಹೊಂದುವುದೆಂದು ನಂಬಲು ಆಧಾರವಿಲ್ಲ.

ಸಿಂಧನೂರಿನ ಸಂಗತಿ ಬೇರೆ ಬಗೆಯದು. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆ ಈ ಜೋಳದ ಸೀಮೆಯನ್ನು ಕ್ರಮೇಣ ಭತ್ತದ ಸೀಮೆಯಾಗಿಸಿತು. ನೀರು ನಿಂತ ಗದ್ದೆಯಲ್ಲಿ ಗಾಳಿ ಕಡಿಮೆಯಾಗಿ, ಕಬ್ಬಿಣದ ಆಕ್ಸೈಡಿಗೆ ಅಂಟಿಕೊಂಡಿದ್ದ ಆರ್ಸೆನಿಕ್ ಬಿಡುಗಡೆಯಾಗುತ್ತದೆ, ಭತ್ತದ ಬೇರು ಅದನ್ನು ಹೀರಿಕೊಳ್ಳುತ್ತದೆ. ಒಣಬೇಸಾಯದ ಜೋಳದ ಹೊಲದಲ್ಲಿ ಅದೇ ಮಣ್ಣು ಹಾಗೆ ವರ್ತಿಸುವುದಿಲ್ಲ. ಇದರಿಂದ ಸಿಂಧನೂರಿನ ಅಕ್ಕಿ ಕಲುಷಿತವೆಂದು ಅರ್ಥೈಸಬಾರದು. ಮಣ್ಣಿನ ಒಟ್ಟು ಪ್ರಮಾಣವೊಂದನ್ನೇ ನೋಡಿದರೆ ಬೆಳೆ ಬದಲಾದುದರ ಪರಿಣಾಮ ಕಾಣುವುದಿಲ್ಲ ಎಂಬುದಷ್ಟೇ ಇಲ್ಲಿನ ಅಭಿಪ್ರಾಯ.

ಕಾನೂನು ಬಹುಕಾಲ ಕುಡಿಯುವ ನೀರಿನ ಮಿತಿಯನ್ನೇ ಆಧಾರವಾಗಿಟ್ಟುಕೊಂಡಿತ್ತು. ಕೊಳವೆಬಾವಿಗೆ ಕೆಂಪು ಬಣ್ಣ ಬಳಿದು ಮುಚ್ಚಬಹುದು, ಅಂಗಳಕ್ಕೆ ಬಳಿಯುವಂತಿಲ್ಲ. 2025ರಲ್ಲಿ ಕೇಂದ್ರ ಸರ್ಕಾರವು ಕಲುಷಿತ ನಿವೇಶನಗಳ ನಿರ್ವಹಣೆಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಆದರೆ ಬೇರೆ ಕಾಯಿದೆಗಳಿವೆ ಎಂಬ ಕಾರಣದಿಂದ ಗಣಿಗಾರಿಕೆಯ ಮಾಲಿನ್ಯವನ್ನು ಅವುಗಳ ವ್ಯಾಪ್ತಿಯಿಂದ ಸಾಮಾನ್ಯವಾಗಿ ಹೊರಗಿರಿಸಲಾಗಿದೆ. ಎರಡು ಸಾವಿರ ವರ್ಷಗಳ ಅಗೆತದ ಈ ಸೀಮೆಯಲ್ಲಿ ಮಾಲಿನ್ಯ ಯಾವ ಕಾಲದ ಗಣಿಯದು, ನಿಸರ್ಗದ್ದೆಷ್ಟು, ಮನುಷ್ಯನದೆಷ್ಟು ಎಂಬುದು ಸುಲಭವಾಗಿ ಬೇರ್ಪಡುವ ವಿಷಯವಲ್ಲ. ಸಾರಿಸಿದ ನೆಲದ ಮಣ್ಣಿನ ಮಾದರಿಯನ್ನು ಯಾರು ತೆಗೆಯಬೇಕು, ಯಾವ ಕಾಯಿದೆಯ ಅಡಿಯಲ್ಲಿ ತೆಗೆಯಬೇಕು ಎಂಬುದನ್ನು ಆ ನಿಯಮಗಳು ಹೇಳುವುದಿಲ್ಲ.